ಡಾಟಾ ಬ್ಯಾಂಕಿನಿಂದ ಇಪ್ಪತ್ತೆರಡು ಸೆಂಟು ಬಿಡಿಸಿಕೊಂಡದ್ದು

ತಂದೆಯವರಿಂದ ನನ್ನ ಪಾಲಿಗೆ ಬಂದ ಇಪ್ಪತ್ತೆರಡು ಸೆಂಟು ಅಡಿಕೆ ತೋಟವು ಕೇರಳ ಸರಕಾರದ ಕಡತದಲ್ಲಿ ಭತ್ತದ ಗದ್ದೆಯೆಂದೇ ದಾಖಲಾಗಿತ್ತು. ಆ ಒಂದು ನಮೂದನ್ನು ತಿದ್ದಿಸಿ, ಮನೆ ಕಟ್ಟುವ ಪರವಾನಗಿ ಕೈಗೆ ಬರುವಷ್ಟರಲ್ಲಿ ಎರಡು ಮಳೆಗಾಲಗಳು ಕಳೆದುಹೋದವು. ಕಾಸರಗೋಡು ಜಿಲ್ಲೆಯಲ್ಲಿ ಇದೇ ತೊಡಕಿನಲ್ಲಿ ಸಿಲುಕಿರುವ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ನಮೂನೆಗಳೂ ಸುತ್ತೋಲೆಗಳೂ ಮಲಯಾಳದಲ್ಲಿರುವುದರಿಂದ ಹಲವರು ಏಜೆಂಟರ ಮಾತನ್ನೇ ನಂಬಿ ನಡೆಯುತ್ತಾರೆ. ಅಂಥವರಿಗೆ ದಾರಿ ಸ್ಪಷ್ಟವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಜೊತೆಗೆ, ಒಳ್ಳೆಯ ಉದ್ದೇಶದ ಕಾನೂನೊಂದು ಯಾರ ಕೈಯಿಂದ ಎಷ್ಟು ಹಣ ಖರ್ಚು ಮಾಡಿಸುತ್ತದೆ ಎಂಬುದು ಯಾವ ಸರಕಾರಿ ಲೆಕ್ಕದಲ್ಲಿಯೂ ಕಾಣಿಸದ ಕಾರಣ ಅದನ್ನೂ ಹೇಳಬೇಕೆನಿಸಿತು.

ಮೊದಲು ಕಾನೂನಿನ ವಿಷಯ. 2008ರ ಆಗಸ್ಟ್ 12ರಂದು ಜಾರಿಗೆ ಬಂದ ಕೇರಳ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯು ಬೇಡದ ಕಾಯ್ದೆಯೆಂದು ನಾನು ಯಾವ ಹಂತದಲ್ಲಿಯೂ ಭಾವಿಸಲಿಲ್ಲ. 1970ರ ದಶಕದ ನಡುವಿನಲ್ಲಿ ಈ ರಾಜ್ಯದಲ್ಲಿ ಸುಮಾರು 8.8 ಲಕ್ಷ ಹೆಕ್ಟೇರಿನಲ್ಲಿ ಭತ್ತದ ಬೇಸಾಯವಿತ್ತು. ಕಾಯ್ದೆ ಬರುವ ಹೊತ್ತಿಗೆ ಅದು 2.3 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿತ್ತು. ಮುರಕಲ್ಲಿನ ಗುಡ್ಡಗಳ ನಡುವಿನ ನಮ್ಮ ಬೈಲುಗಳು ಮಳೆನೀರನ್ನು ಹಿಡಿದು ಇಂಗಿಸಿದರೆ ಮಾತ್ರ ಏಪ್ರಿಲ್ ತಿಂಗಳಲ್ಲಿ ಬಾವಿಯಲ್ಲಿ ನೀರು ನಿಲ್ಲುತ್ತದೆ ಎಂಬುದನ್ನು ಇಲ್ಲಿ ಹುಟ್ಟಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಡ್ಡವನ್ನು ಅಗೆದು ಆ ಮಣ್ಣನ್ನು ಟಿಪ್ಪರಿನಲ್ಲಿ ತಂದು ಬೈಲಿಗೆ ಸುರಿದದ್ದನ್ನೂ, ಮರುವರ್ಷವೇ ಕೆಳಗಿನ ಮನೆಗಳ ಅಂಗಳಕ್ಕೆ ನೀರು ನುಗ್ಗಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ನನ್ನ ತಕರಾರು ಕಾಯ್ದೆಯ ಉದ್ದೇಶದ ಮೇಲಲ್ಲ. ಅದನ್ನು ಜಾರಿಗೊಳಿಸಲು ಸಿದ್ಧಪಡಿಸಿದ ಪಟ್ಟಿಯಲ್ಲಿ ತಪ್ಪು ಸೇರಿಕೊಂಡಾಗ, ಅದನ್ನು ತಿದ್ದಿಸುವ ಖರ್ಚೆಲ್ಲ ಆ ತಪ್ಪಿಗೆ ಕಾರಣರಲ್ಲದವರ ತಲೆಯ ಮೇಲೆ ಬೀಳುತ್ತದೆಯಲ್ಲ, ತಕರಾರು ಇರುವುದು ಅಲ್ಲಿ.

ನಮ್ಮ ಕಡೆ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಗಳಿವೆ. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಕಾಲವಿತ್ತು. ಬೆಟ್ಟುಗದ್ದೆಗೆ ಮಳೆನೀರೇ ಆಧಾರವಾದುದರಿಂದ ಅಲ್ಲಿ ಏಣೆಲು ಒಂದೇ. ನನ್ನ ಪಾಲಿನ ಜಾಗವು ರಸ್ತೆಬದಿಯ ಬೆಟ್ಟುಗದ್ದೆಯಾಗಿತ್ತು. 1970ರ ದಶಕದ ಕೊನೆಯಲ್ಲಿ, ನೇಜಿ ನೆಡುವುದಕ್ಕೆ ಜನ ಸಿಗದೆ, ಸಿಕ್ಕಿದರೂ ಕೂಲಿ ಕೊಟ್ಟು ಉಳಿಯುವುದು ಏನೂ ಇಲ್ಲವೆಂದಾದಾಗ ಅಜ್ಜ ಅದರಲ್ಲಿ ಅಡಿಕೆ ಸಸಿ ನೆಟ್ಟರು. ನಾನು ಹುಟ್ಟಿದ ಮೇಲೆ ಆ ಜಾಗದಲ್ಲಿ ಭತ್ತ ಬೆಳೆದದ್ದನ್ನು ನೋಡಿಯೇ ಇಲ್ಲ. ಅದರ ಕೆಳಗಿನ ಬೈಲು ಚಿಕ್ಕಪ್ಪನ ಪಾಲಿನದು. ಅವರು ಈಗಲೂ ಏಣೆಲು ಬೇಸಾಯ ಮಾಡುತ್ತಾರೆ. ಕಡತದಲ್ಲಿ ಈ ಎರಡೂ ಜಾಗಗಳು ಹಿಂದೆ ಒಂದೇ ಸರ್ವೆ ನಂಬರಿನ ಅಡಿಯಲ್ಲಿದ್ದದ್ದು ಮುಂದಿನ ತೊಂದರೆಗಳಿಗೆಲ್ಲ ಮೂಲವಾಯಿತು.

ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಅಧ್ಯಾಪಿಕೆ. ನನ್ನ ಯಜಮಾನರಿಗೆ ಮಂಗಳೂರಿನಲ್ಲಿ ಕೆಲಸ. ಬಾಡಿಗೆ ಮನೆಯಲ್ಲಿದ್ದುಕೊಂಡು ಕೂಡಿಸಿಟ್ಟ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ ಮನೆ ಕಟ್ಟಲು ಹೊರಟಾಗ, ಸಾಲದ ಕಾಗದಪತ್ರ ಪರಿಶೀಲಿಸಿದ ವಕೀಲರು ವಿಲೇಜ್ ಆಫೀಸಿನ ಸ್ವಾಧೀನ ಪ್ರಮಾಣಪತ್ರದಲ್ಲಿ ಜಾಗದ ಬಗೆ ‘ನಿಲಂ’ ಎಂದಿರುವುದನ್ನು ತೋರಿಸಿ ಕಡತವನ್ನು ಹಿಂದಕ್ಕೆ ಕೊಟ್ಟರು. ಗದ್ದೆಯೆಂದು ದಾಖಲಾದ ಜಾಗದ ಮೇಲೆ ಗೃಹಸಾಲ ಸಿಗುವುದಿಲ್ಲ. ಪಂಚಾಯತಿನಲ್ಲಿ ವಿಚಾರಿಸಿದರೆ ಅಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಜಾಗವು ಮೂಲ ತೆರಿಗೆ ರಿಜಿಸ್ಟರಿನಲ್ಲಿ ಗದ್ದೆಯಾಗಿರುವುದಷ್ಟೇ ಅಲ್ಲ, ಡಾಟಾ ಬ್ಯಾಂಕಿನಲ್ಲಿಯೂ ಸೇರಿಕೊಂಡಿತ್ತು.

ಹೊಸಬರು ಎಡವುವುದು ಇಲ್ಲಿಯೇ ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಿಟಿಆರ್ ಎಂದು ಎಲ್ಲರೂ ಕರೆಯುವ ಮೂಲ ತೆರಿಗೆ ರಿಜಿಸ್ಟರ್ ಕಂದಾಯ ಇಲಾಖೆಯದು, ಹಳೆಯದು. ಡಾಟಾ ಬ್ಯಾಂಕ್ 2008ರ ಕಾಯ್ದೆಯಿಂದ ಹುಟ್ಟಿದ ಪಟ್ಟಿ. ಪಂಚಾಯತ್ ಅಧ್ಯಕ್ಷರು, ಕೃಷಿ ಅಧಿಕಾರಿ, ವಿಲೇಜ್ ಆಫೀಸರ್ ಮತ್ತು ರೈತ ಪ್ರತಿನಿಧಿಗಳಿರುವ ಸ್ಥಳೀಯ ನಿಗಾ ಸಮಿತಿಯು, ಕಾಯ್ದೆ ಬಂದಾಗ ಬೇಸಾಯ ನಡೆಯುತ್ತಿದ್ದ ಅಥವಾ ಬೇಸಾಯಕ್ಕೆ ಯೋಗ್ಯವಾಗಿದ್ದ ಗದ್ದೆಗಳನ್ನು ಗುರುತಿಸಿ ಅದನ್ನು ತಯಾರಿಸಬೇಕಾಗಿತ್ತು. ನಮ್ಮಲ್ಲಿ ಆ ಕೆಲಸ ಗದ್ದೆಗಿಳಿದು ನೋಡುವುದಕ್ಕಿಂತ ಹೆಚ್ಚಾಗಿ ಹಳೆಯ ರಿಜಿಸ್ಟರಿನ ಸರ್ವೆ ನಂಬರುಗಳನ್ನು ನಕಲು ಮಾಡುವುದರಲ್ಲಿ ಮುಗಿದಿರಬೇಕು. ಇಲ್ಲವಾದರೆ ಮೂವತ್ತು ವರ್ಷದ ಅಡಿಕೆ ಮರಗಳು ನಿಂತಿದ್ದ ಜಾಗ ಅದರಲ್ಲಿ ಸೇರಲು ಕಾರಣವೇ ಇರಲಿಲ್ಲ. ಡಾಟಾ ಬ್ಯಾಂಕಿನಲ್ಲಿದ್ದರೆ ಮೊದಲು 5ನೇ ನಮೂನೆಯಲ್ಲಿ ಅರ್ಜಿ ಹಾಕಿ ಅದರಿಂದ ಜಾಗವನ್ನು ತೆಗೆಸಬೇಕು. ಅದಾದ ಮೇಲೆ, 2018ರ ತಿದ್ದುಪಡಿಯಿಂದ ಬಂದ 27ಎ ವಿಧಿಯಂತೆ ಬಿಟಿಆರ್‌ನಲ್ಲಿ ಬಗೆ ಬದಲಿಸಲು ಇನ್ನೊಂದು ಅರ್ಜಿ ಹಾಕಬೇಕು. ಜಾಗ 50 ಸೆಂಟಿನವರೆಗಿದ್ದರೆ 6ನೇ ನಮೂನೆ, ಹೆಚ್ಚಿದ್ದರೆ 7ನೇ ನಮೂನೆ. ಭೂವಿನಿಯೋಗ ಆದೇಶ ಬಂದ 1967ರ ಜುಲೈ 4ಕ್ಕಿಂತ ಮೊದಲೇ ಗದ್ದೆ ರೂಪ ಬದಲಿಸಿತ್ತೆಂದು ದಾಖಲೆ ಸಹಿತ ತೋರಿಸಬಲ್ಲವರಿಗೆ 9ನೇ ನಮೂನೆ ಇದೆ. ಅಜ್ಜ ಸಸಿ ನೆಟ್ಟದ್ದು ಅದಕ್ಕಿಂತ ಹತ್ತು ಹನ್ನೆರಡು ವರ್ಷ ಈಚೆಗಾದುದರಿಂದ ಆ ದಾರಿ ನಮಗೆ ಇರಲಿಲ್ಲ.

ಸಣ್ಣ ಮನೆಗೆ ಇದೆಲ್ಲ ಬೇಕಾಗಿಲ್ಲ ಎಂದು ಹಲವರು ಧೈರ್ಯ ಹೇಳಿದರು. 10 ಸೆಂಟಿನೊಳಗಿನ ಜಾಗದಲ್ಲಿ 120 ಚದರ ಮೀಟರಿನೊಳಗಿನ ಮನೆಗೆ ಇರುವ ಆ ವಿನಾಯಿತಿ ಡಾಟಾ ಬ್ಯಾಂಕಿಗೆ ಸೇರದ ಜಾಗಕ್ಕೆ ಸಂಬಂಧಿಸಿದ್ದು. ಡಾಟಾ ಬ್ಯಾಂಕಿನಲ್ಲಿರುವ ನಿಜವಾದ ಗದ್ದೆಯಲ್ಲಿ ಸ್ವಂತ ವಾಸಕ್ಕೆ ಮನೆ ಕಟ್ಟಲು ಪಂಚಾಯತಿನಲ್ಲಿ 10 ಸೆಂಟು, ಪೇಟೆಯಲ್ಲಿ 5 ಸೆಂಟಿನವರೆಗೆ ಅನುಮತಿ ಕೇಳಬಹುದು. ಆದರೆ ಬೇರೆ ಯೋಗ್ಯ ಜಾಗ ಇರಬಾರದು, ಮತ್ತು ಅದರ ಸಮಿತಿಗಳೇ ಬೇರೆ. ಯಾವ ಬಾಗಿಲಿಗೆ ಹೋಗಬೇಕೆಂಬುದನ್ನು ತಿಳಿಯಲು ಒಂದೇ ಉಪಾಯ: ಅರ್ಜಿ ಬರೆಯುವ ಮೊದಲು ಕೃಷಿಭವನದಲ್ಲಿ ಡಾಟಾ ಬ್ಯಾಂಕಿನ ಪುಟವನ್ನೂ, ವಿಲೇಜ್ ಆಫೀಸಿನಲ್ಲಿ ಬಿಟಿಆರ್ ಪ್ರತಿಯನ್ನೂ ಪಡೆದು ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು.

5ನೇ ನಮೂನೆಯ ಅರ್ಜಿಯನ್ನು ಅಕ್ಷಯ ಕೇಂದ್ರದ ಮೂಲಕ ಆನ್‌ಲೈನಿನಲ್ಲಿ ಸಲ್ಲಿಸಿದೆ. ಶುಲ್ಕ 100 ರೂಪಾಯಿ. ಆಧಾರದ (ಜಾಗದ ನೋಂದಾಯಿತ ಪತ್ರದ) ಪ್ರತಿ, ಆ ವರ್ಷದ ಭೂತೆರಿಗೆ ರಶೀದಿ, ಡಾಟಾ ಬ್ಯಾಂಕಿನ ಪುಟ, ಜಾಗದ ನಕ್ಷೆ, ಗುರುತಿನ ಚೀಟಿ ಇವಿಷ್ಟು ಬೇಕು. ಜಾಗದ ಫೋಟೋಗಳನ್ನು ಕೇಳದಿದ್ದರೂ ಸೇರಿಸಿ. ಮರಗಳ ಬುಡದ ದಪ್ಪ ಕಾಣುವಂತೆ, ನಾಲ್ಕು ಮೂಲೆಗಳಿಂದ ತೆಗೆಸಿದ ಫೋಟೋಗಳು ನನಗೆ ಮುಂದೆ ಬಹಳ ಉಪಯೋಗಕ್ಕೆ ಬಂದವು. ಹಳೆಯ ಅಡಿಕೆ ಮಾರಾಟದ ಚೀಟಿಗಳು, ಸಹಕಾರಿ ಸಂಘದಿಂದ ತೋಟಕ್ಕೆಂದು ಪಡೆದ ಬೆಳೆಸಾಲದ ಪಾಸ್‌ಬುಕ್ಕು, ಪಂಪ್‌ಸೆಟ್ಟಿನ ವಿದ್ಯುತ್ ಸಂಪರ್ಕದ ಕಾಗದ ಇಂಥವೂ ಸಾಕ್ಷ್ಯವೇ. 2008ಕ್ಕಿಂತ ಹಿಂದಿನ ದಿನಾಂಕ ಇರುವ ಯಾವ ಕಾಗದವನ್ನೂ ಬಿಸಾಡಬೇಡಿ.

ಮೊದಲನೆಯ ಅಡ್ಡಿ ಬಂದದ್ದು ಆಧಾರಗಳ ವಿಷಯದಲ್ಲಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುದರಿಂದ ನಮ್ಮ ಮನೆಯ ಹಳೆಯ ಕಾಗದಪತ್ರಗಳೆಲ್ಲ ಕನ್ನಡದಲ್ಲಿವೆ. ಅಜ್ಜನ ಕಾಲದ ಪಾಲುಪಟ್ಟಿಯೂ ಕನ್ನಡದಲ್ಲಿಯೇ ಇದೆ. ಕಡತ ನೋಡಬೇಕಾಗಿದ್ದ ಗುಮಾಸ್ತರು ತೆಂಕಣ ಜಿಲ್ಲೆಯವರು. ಅವರು ಒರಟಾಗಿ ಮಾತನಾಡಲಿಲ್ಲ. “ಟೀಚರ್, ನನಗೆ ಇದನ್ನು ಓದಲು ಬರುವುದಿಲ್ಲ. ಓದದೆ ನಾನು ಏನೆಂದು ಬರೆಯಲಿ?” ಎಂದು ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿಯೇ ಸರಕಾರದೊಡನೆ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ ಎಂಬುದು ನನಗೆ ಗೊತ್ತಿತ್ತು. ಆದರೆ ಹಕ್ಕನ್ನು ಸಾಧಿಸಲು ನಿಂತರೆ ಕಡತ ಅಲ್ಲಿಯೇ ನಿಲ್ಲುತ್ತದೆ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಮಲಯಾಳಕ್ಕೆ ಅನುವಾದಿಸಿ, ನೋಟರಿಯವರಿಂದ ದೃಢೀಕರಿಸಿ ಕೊಟ್ಟೆವು. ಇದಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಖರ್ಚಾಯಿತು. ತಿರುವನಂತಪುರದಲ್ಲಿಯೋ ಕೊಲ್ಲಂನಲ್ಲಿಯೋ ಇದೇ ಅರ್ಜಿ ಹಾಕುವವರಿಗೆ ಈ ಖರ್ಚು ಇಲ್ಲ.

ಎರಡನೆಯದು ಸರ್ವೆ ನಂಬರು. ಡಾಟಾ ಬ್ಯಾಂಕಿನಲ್ಲಿದ್ದದ್ದು ಹಳೆಯ ನಂಬರು, ನನ್ನ ತೆರಿಗೆ ರಶೀದಿಯಲ್ಲಿದ್ದದ್ದು ಮರುಸರ್ವೆಯ ನಂಬರು. ಹಳೆಯ ನಂಬರಿನಲ್ಲಿ ಚಿಕ್ಕಪ್ಪನ ಬೈಲೂ ಸೇರಿತ್ತು. ನನ್ನ ಇಪ್ಪತ್ತೆರಡು ಸೆಂಟನ್ನು ಮಾತ್ರ ಬೇರ್ಪಡಿಸಿ ತೋರಿಸದೆ ಅರ್ಜಿ ಒಪ್ಪಿದರೆ ನಿಜವಾದ ಗದ್ದೆಯೂ ಪಟ್ಟಿಯಿಂದ ಹೊರಗೆ ಹೋಗುವ ಅಪಾಯವಿದೆಯೆಂದು ಕೃಷಿಭವನದವರು ಹೇಳಿದರು. ಇದು ಕಾಯ್ದೆಯ ದೃಷ್ಟಿಯಿಂದ ಸರಿಯಾದ ಮಾತು. ಎರಡೂ ನಂಬರುಗಳ ಹೊಂದಾಣಿಕೆಯ ವಿವರವನ್ನು ತಾಲೂಕು ಕಚೇರಿಯಿಂದ ಪಡೆಯಬೇಕಾಯಿತು. ಅಳೆದು ನಕ್ಷೆ ಮಾಡಿಕೊಡಲು ಸರ್ವೆಯರ್ ಬರುವಷ್ಟರಲ್ಲಿ ಮಳೆ ಶುರುವಾಗಿತ್ತು, ಮಳೆ ನಿಲ್ಲುವವರೆಗೆ ಅಳತೆ ಮುಂದೆ ಹೋಯಿತು. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇನ್ನೂ ಅರ್ಜಿ ಹಾಕಿಲ್ಲವೆಂದಾದರೆ ದಯವಿಟ್ಟು ನಂಬರುಗಳ ಹೊಂದಾಣಿಕೆಯ ಕೆಲಸವನ್ನು ಡಿಸೆಂಬರಿನಿಂದ ಮೇ ತಿಂಗಳೊಳಗೆ ಮುಗಿಸಿಕೊಂಡೇ ಮುಂದಕ್ಕೆ ಹೋಗಿ.

ಅನಂತರ ಉಪಗ್ರಹ ಚಿತ್ರದ ಸರದಿ. ಜಾಗವು 2008ರಲ್ಲಿ ಹೇಗಿತ್ತು ಎಂಬುದೇ ಇಡೀ ಪ್ರಕರಣದ ಪ್ರಶ್ನೆಯಾದುದರಿಂದ, ಸಂಶಯವಿದ್ದಲ್ಲಿ ತಿರುವನಂತಪುರದ ಕೇರಳ ರಾಜ್ಯ ದೂರಸಂವೇದಿ ಮತ್ತು ಪರಿಸರ ಕೇಂದ್ರದಿಂದ ವರದಿ ತರಿಸುತ್ತಾರೆ. ಕೆಎಸ್‌ಆರ್‌ಇಸಿ ವರದಿ ಎಂದರೆ ಎಲ್ಲ ಕಚೇರಿಗಳಲ್ಲಿಯೂ ಅರ್ಥವಾಗುತ್ತದೆ. ಕೃಷಿಭವನದ ಮೂಲಕವೇ ಕೇಳಬೇಕು, ಹಣ ನಾವು ಕಟ್ಟಬೇಕು. ನಮ್ಮ ವಿಷಯದಲ್ಲಿ ಮೊದಲ ಕೃಷಿ ಅಧಿಕಾರಿ ಸ್ಥಳಕ್ಕೆ ಬಂದು ನೋಡಿ, ವರದಿಗೆ ಬರೆದ ಸ್ವಲ್ಪ ದಿನಗಳಲ್ಲಿಯೇ ಊರಿಗೆ ವರ್ಗವಾಗಿ ಹೋದರು. ಆ ಹುದ್ದೆ ಕೆಲವು ತಿಂಗಳು ಖಾಲಿಯಿತ್ತು. ಹೊಸಬರು ಬಂದ ಮೇಲೆ ತಾವು ಕಾಣದ ಜಾಗದ ಬಗ್ಗೆ ಸಹಿ ಹಾಕಲಾರೆವೆಂದು ಮತ್ತೊಮ್ಮೆ ಸ್ಥಳಪರಿಶೀಲನೆ ನಡೆಸಿದರು. ಅವರನ್ನು ನಾನು ದೂರುವುದಿಲ್ಲ. ತಪ್ಪು ವರದಿ ಕೊಟ್ಟರೆ ಉತ್ತರ ಹೇಳಬೇಕಾದವರು ಅವರೇ. ಒಬ್ಬ ಅಧಿಕಾರಿ ಬಿತ್ತನೆ ಬೀಜ, ಬೆಳೆಹಾನಿ, ವಿಮೆ, ಸಬ್ಸಿಡಿ ಎಲ್ಲವನ್ನೂ ನೋಡಿಕೊಂಡು ಅದರ ನಡುವೆ ರಾಶಿಬಿದ್ದ ಡಾಟಾ ಬ್ಯಾಂಕ್ ಅರ್ಜಿಗಳಿಗೂ ಗದ್ದೆ ಸುತ್ತಬೇಕಾದ ಏರ್ಪಾಡಿನಲ್ಲಿಯೇ ದೋಷವಿದೆ. 2024ರ ಜುಲೈಯಿಂದ ಕಂದಾಯ ವಿಭಾಗಾಧಿಕಾರಿಯಾದ ಆರ್‌ಡಿಒ ಮಾತ್ರವಲ್ಲದೆ ಡೆಪ್ಯುಟಿ ಕಲೆಕ್ಟರುಗಳಿಗೂ ಆದೇಶ ಕೊಡುವ ಅಧಿಕಾರ ಬಂತು, ಮೇಲಿನ ಕಚೇರಿಯಲ್ಲಿ ವೇಗ ಹೆಚ್ಚಿತು. ಆದರೆ ಕೆಳಗಿನಿಂದ ವರದಿ ಬಾರದೆ ಮೇಲಿನವರು ಏನು ಆದೇಶ ಮಾಡಿಯಾರು?

ಕಾಯುವ ಈ ತಿಂಗಳುಗಳಲ್ಲಿ ಖರ್ಚು ಕಾಯಲಿಲ್ಲ. ಬಾಡಿಗೆ ತಿಂಗಳಿಗೆ ಏಳು ಸಾವಿರದಂತೆ ಹೋಗುತ್ತಲೇ ಇತ್ತು. ಬ್ಯಾಂಕಿನವರು ತಾತ್ವಿಕವಾಗಿ ಒಪ್ಪಿದ್ದ ಸಾಲದ ಅವಧಿ ಮುಗಿದು, ಕಟ್ಟಿದ ಪರಿಶೀಲನಾ ಶುಲ್ಕವೂ ಹೋಯಿತು. ಮುರಕಲ್ಲಿಗೆಂದು ಮುಂಗಡ ಕೊಟ್ಟಿದ್ದ ಪಣೆಯವರು ಹಳೆಯ ದರಕ್ಕೆ ಕಲ್ಲು ಕೊಡಲಾಗದೆಂದರು. ಮೇಸ್ತ್ರಿ ಬೇರೆ ಕೆಲಸ ಹಿಡಿದರು. ಶಾಲೆಗೆ ಹಾಕಿದ ರಜೆ, ಯಜಮಾನರು ಮಂಗಳೂರಿನಿಂದ ಬಂದುಹೋದ ಖರ್ಚು, ನಕಲು ಪ್ರತಿ, ಪ್ರಮಾಣಪತ್ರ, ವಕೀಲರ ಸಲಹೆ ಎಂದು ಎಲ್ಲ ಸೇರಿ ಹೋದದ್ದು ಎರಡೂವರೆ ಲಕ್ಷ ರೂಪಾಯಿಯ ಆಸುಪಾಸು. ಇದರಲ್ಲಿ ಸರಕಾರದ ಬೊಕ್ಕಸಕ್ಕೆ ಶುಲ್ಕವೆಂದು ಸೇರಿದ್ದು ಕೆಲವು ಸಾವಿರ ಮಾತ್ರ. ನಿಯಮದ ವೆಚ್ಚ ಎಷ್ಟೆಂದು ಯಾರಾದರೂ ಕೇಳಿದರೆ ಇಲಾಖೆಯವರು ಆ ಕೆಲವು ಸಾವಿರವನ್ನೇ ತೋರಿಸಿಯಾರು, ಮತ್ತು ಅವರ ದೃಷ್ಟಿಯಲ್ಲಿ ಅದು ಸುಳ್ಳೂ ಅಲ್ಲ. ಉಳಿದ ಹಣ ಯಾರಿಗೂ ಲಾಭವಾಗಿ ಹೋಗಲಿಲ್ಲ, ಅದರಿಂದ ಒಂದು ಸೆಂಟು ಗದ್ದೆಯೂ ಉಳಿಯಲಿಲ್ಲ.

ನಮಗೆ ಸಂಬಳವಿದ್ದುದರಿಂದ ತಡೆದುಕೊಂಡೆವು. ಕೃಷಿಭವನದ ಜಗಲಿಯಲ್ಲಿ ಪರಿಚಯವಾದ ಒಬ್ಬ ಅಕ್ಕನಿಗೆ ಲೈಫ್ ಯೋಜನೆಯಲ್ಲಿ ಮನೆ ಮಂಜೂರಾಗಿತ್ತು. ಸರಕಾರ ಕೊಡುವ 4 ಲಕ್ಷ ರೂಪಾಯಿಯನ್ನು ಬಳಸಿಕೊಳ್ಳಲು ಅವರಿಗೆ ಇದ್ದದ್ದು ಆರು ಸೆಂಟು, ಅದೂ ಕಡತದಲ್ಲಿ ಗದ್ದೆ. ಪಂಚಾಯತ್ ಮನೆ ಕೊಟ್ಟಿದೆ, ಕಟ್ಟಲು ಕಡತ ಬಿಡುವುದಿಲ್ಲ. ಟಾರ್ಪಾಲು ಹೊದೆಸಿದ ಮಾಡಿನ ಕೆಳಗೆ ಇನ್ನೊಂದು ಮಳೆಗಾಲ ಕಳೆಯುವುದು ಹೇಗೆಂದು ಅವರು ಕೇಳುತ್ತಿದ್ದರು. ಅವರ ಬೀಡಿ ಕಟ್ಟುವ ಕೆಲಸ ಕಚೇರಿಗೆ ಬಂದ ದಿನವೆಲ್ಲ ನಿಂತುಹೋಗುತ್ತಿತ್ತು. ಇನ್ನೊಬ್ಬರು ಗಲ್ಫಿನಿಂದ ಹಿಂದಿರುಗಿದವರು, ಅಡಿಕೆ ಸುಲಿಯುವ ಯಂತ್ರ ಹಾಕಿ ನಾಲ್ಕು ಮಂದಿಗೆ ಕೆಲಸ ಕೊಡಬೇಕೆಂದಿದ್ದರು. ಅವರದ್ದು ನಲವತ್ತು ಸೆಂಟು. ತಂದ ಹಣ ಮನೆಖರ್ಚಿಗೆ ಕರಗುತ್ತಾ ಬಂದಂತೆ ಯಂತ್ರದ ಆಸೆ ಬಿಟ್ಟು ಮತ್ತೆ ವೀಸಾಕ್ಕೆ ಓಡಾಡತೊಡಗಿದರು. ತೋಟವನ್ನು ಅರ್ಧ ಬೆಲೆಗೆ ಕೇಳಲು ಬಂದವರೂ ಇದ್ದರಂತೆ. ಕಡತದಲ್ಲಿ ಗದ್ದೆಯೆಂದಿರುವ ಜಾಗವನ್ನು ಅಗ್ಗಕ್ಕೆ ಕೊಂಡು, ಕಾಯುವ ಶಕ್ತಿಯಿರುವವರು ತಿದ್ದಿಸಿ ಮಾರುವ ವ್ಯಾಪಾರ ಹೀಗೆ ಬೆಳೆಯುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಚಿಕ್ಕಪ್ಪನ ಮಾತು. ನೆರೆಯ ಮಜಲುಗದ್ದೆಯೊಂದು ಹಡಿಲು ಬಿದ್ದು ವರ್ಷಗಳಾಗಿವೆ. ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಹೆಂಗಸರು ಅದರಲ್ಲಿ ಭತ್ತ ಬೆಳೆಯುತ್ತೇವೆಂದು ಕೇಳಿದಾಗ ಗದ್ದೆಯ ಯಜಮಾನರು ಕೊಡಲಿಲ್ಲ. ಒಂದು ಸಲ ಭತ್ತ ಬೆಳೆದು ಅದು ದಾಖಲಾದರೆ ಮುಂದೆ ಮಕ್ಕಳಿಗೆ ಮನೆಯ ಜಾಗವೆಂದು ತೋರಿಸಲಾಗದು ಎಂಬ ಹೆದರಿಕೆ ಅವರದ್ದು. “ನಾನು ಬೇಸಾಯ ಬಿಟ್ಟಿದ್ದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ ಮಗಳೇ. ಬೇಸಾಯ ಮಾಡಿದವನ ಗದ್ದೆಗೆ ಬೆಲೆಯಿಲ್ಲ, ಸಾಲವೂ ಇಲ್ಲ,” ಎಂದು ಚಿಕ್ಕಪ್ಪ ಹೇಳಿದರು. ಹಡಿಲು ಬಿಟ್ಟರೂ ಬೇಸಾಯಕ್ಕೆ ಯೋಗ್ಯವಾದ ಜಾಗ ಕಾಯ್ದೆಯ ಕಣ್ಣಿಗೆ ಗದ್ದೆಯೇ; ಬರೀ ಹಡಿಲು ಬಿದ್ದಿದೆ ಎಂಬ ಕಾರಣಕ್ಕೆ ಯಾರೂ ಅದನ್ನು ಪಟ್ಟಿಯಿಂದ ತೆಗೆಯುವುದಿಲ್ಲ. ಆದುದರಿಂದ ಆ ಯಜಮಾನರ ಲೆಕ್ಕ ತಪ್ಪು. ಆದರೆ ಹೆದರಿಕೆ ನಿಜವಾದುದು, ಅದರಿಂದ ಗದ್ದೆ ಖಾಲಿ ಬಿದ್ದದ್ದೂ ನಿಜ. ಗದ್ದೆ ಉಳಿಸಿಕೊಂಡು ಬೇಸಾಯ ಮಾಡುವವರಿಗೆ ಸರಕಾರ ಕೊಡುವ ರಾಯಲ್ಟಿ ಹೆಕ್ಟೇರಿಗೆ ವರ್ಷಕ್ಕೆ 3,000 ರೂಪಾಯಿ. ಐವತ್ತು ಸೆಂಟಿನ ಬೈಲಿಗೆ ಅದು ಸುಮಾರು 600 ರೂಪಾಯಿ ಆಗುತ್ತದೆ, ಚಿಕ್ಕಪ್ಪ ನೇಜಿಗೆ ಕರೆದ ಒಬ್ಬ ಆಳಿನ ಒಂದು ದಿನದ ಕೂಲಿಗೆ ಅದು ಸಾಲದು. ಇಡೀ ಊರಿನ ಬಾವಿಗೆ ನೀರು ಕೊಡುವ ಗದ್ದೆಯನ್ನು ಕಾಪಾಡುವ ಹೊಣೆಯನ್ನು ಒಬ್ಬರ ಹೆಗಲಿಗೆ ಹಾಕಿದಾಗ ಅದರ ಪ್ರತಿಫಲವೂ ಹೊಣೆಗೆ ತಕ್ಕಂತಿರಬೇಕಲ್ಲವೇ?

ವರದಿ ಕೊನೆಗೂ ಬಂತು. 2008ರ ಹೊತ್ತಿನ ಚಿತ್ರದಲ್ಲಿಯೂ ಮುಂದಿನ ವರ್ಷಗಳ ಚಿತ್ರಗಳಲ್ಲಿಯೂ ನನ್ನ ಜಾಗ ತೋಟವಾಗಿಯೇ ಕಾಣುತ್ತದೆ ಎಂದು ಅದರಲ್ಲಿತ್ತು. ಚಿಕ್ಕಪ್ಪನ ಬೈಲು ಗದ್ದೆಯಾಗಿಯೇ ಕಾಣಿಸಿತ್ತು. ಆ ಎರಡು ಬಣ್ಣಗಳ ಚಿತ್ರವನ್ನು ನೋಡಿದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಬೇಸರವೇ ಆಯಿತು. ಪಟ್ಟಿ ತಯಾರಿಸುವಾಗಲೇ ಇಂಥ ಚಿತ್ರವನ್ನು ಸರಿಯಾಗಿ ನೋಡಿದ್ದರೆ ಸಾಕಾಗುತ್ತಿತ್ತು. ಆರ್‌ಡಿಒ ಕಚೇರಿಯಲ್ಲಿ ವಿಚಾರಣೆಗೆ ಕರೆದರು. ಅಲ್ಲಿ ಮಾತು ಕಡಿಮೆ, ಕಾಗದ ಮುಖ್ಯ. ಬಿಟಿಆರ್‌ನಲ್ಲಿ ಏನಿದೆ ಎಂಬುದಕ್ಕಿಂತ, ಕಾಯ್ದೆ ಜಾರಿಗೆ ಬಂದ ದಿನ ಜಾಗದ ಸ್ಥಿತಿ ಹೇಗಿತ್ತು, ಅದು ಭತ್ತದ ಬೇಸಾಯಕ್ಕೆ ಯೋಗ್ಯವಾಗಿತ್ತೇ ಎಂಬುದನ್ನು ನೋಡಬೇಕೆಂದು ಕೇರಳ ಹೈಕೋರ್ಟು ಹಲವು ತೀರ್ಪುಗಳಲ್ಲಿ ಹೇಳಿದೆ. ವಿಚಾರಣೆಯಲ್ಲಿ ಉತ್ತರಗಳನ್ನು ಆ ಪ್ರಶ್ನೆಗೆ ಸೀಮಿತಗೊಳಿಸಿ. ಮನೆಯಿಲ್ಲದ ಕಷ್ಟ, ಸಾಲದ ಕಷ್ಟ ಹೇಳಿದರೆ ಅವರು ಕೇಳಿಸಿಕೊಳ್ಳಬಹುದು, ಆದರೆ ಆದೇಶಕ್ಕೆ ಅದು ಆಧಾರವಾಗುವುದಿಲ್ಲ. ಅರ್ಜಿ ತಿರಸ್ಕೃತವಾದರೆ ಆದೇಶದಲ್ಲಿ ಕಾರಣ ಬರೆದಿದ್ದಾರೆಯೇ, ಸ್ಥಳಪರಿಶೀಲನೆಯ ಅಥವಾ ಉಪಗ್ರಹ ವರದಿಯ ಪ್ರಸ್ತಾಪ ಇದೆಯೇ ಎಂದು ನೋಡಿ. ಇವಿಲ್ಲದ ಆದೇಶಗಳನ್ನು ಹೈಕೋರ್ಟು ಮರುಪರಿಶೀಲನೆಗೆ ಹಿಂದಕ್ಕೆ ಕಳುಹಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಹೈಕೋರ್ಟು ಎರ್ನಾಕುಳಂನಲ್ಲಿದೆ. ಕಾಸರಗೋಡಿನ ಆರು ಸೆಂಟಿನವರು ಅಲ್ಲಿಯವರೆಗೆ ಹೋಗುವುದು ಹೇಳಿದಷ್ಟು ಸುಲಭವಲ್ಲ.

ಡಾಟಾ ಬ್ಯಾಂಕಿನಿಂದ ತೆಗೆದ ಆದೇಶ ಕೈಗೆ ಬಂದ ಮೇಲೆ 6ನೇ ನಮೂನೆ ಹಾಕಿದೆ. ಶುಲ್ಕ 1,000 ರೂಪಾಯಿ. ಈ ಹಂತ ಹೋಲಿಕೆಯಲ್ಲಿ ಸಲೀಸಾಯಿತು. ವಿಲೇಜ್ ಆಫೀಸರ್ ಬಂದು ನೋಡಿದರು. ಮುಖ್ಯವಾಗಿ ಅವರು ಕೇಳಿದ್ದು ನೀರು ಹರಿಯುವ ತೋಡಿಗೆ ತಡೆಯಾಗುವುದೇ, ಪಕ್ಕದ ಗದ್ದೆಗೆ ತೊಂದರೆಯಾಗುವುದೇ ಎಂಬುದನ್ನು. ಚಿಕ್ಕಪ್ಪ ತಾವೇ ಬಂದು ತೋಡನ್ನು ತೋರಿಸಿ, ತಮ್ಮ ಆಕ್ಷೇಪವಿಲ್ಲವೆಂದು ಬರೆದುಕೊಟ್ಟರು. ಪಕ್ಕದ ಗದ್ದೆಯವರ ಹೇಳಿಕೆಯನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. 25 ಸೆಂಟಿನವರೆಗಿನ ಜಾಗಕ್ಕೆ ಬಗೆ ಬದಲಿಸುವ ಶುಲ್ಕವಿಲ್ಲ; ಅದಕ್ಕಿಂತ ಹೆಚ್ಚಾಗಿ ಒಂದು ಎಕರೆಯವರೆಗೆ ಸರಕಾರ ಗೊತ್ತುಪಡಿಸಿದ ನ್ಯಾಯಬೆಲೆಯ ಶೇಕಡಾ 10, ಅದಕ್ಕೂ ಮೇಲೆ ಶೇಕಡಾ 20 ಕಟ್ಟಬೇಕು. 2017ರ ಡಿಸೆಂಬರ್ 30ರ ನಂತರ ತುಂಡು ಮಾಡಿದ ಜಾಗಕ್ಕೆ ಈ ಉಚಿತ ಸೌಲಭ್ಯ ಸಿಗುವುದಿಲ್ಲ. ನಮ್ಮ ಪಾಲುಪಟ್ಟಿ 2014ರಲ್ಲಿಯೇ ನೋಂದಣಿಯಾಗಿದ್ದುದು ನಮ್ಮ ಭಾಗ್ಯ. ಜಾಗ 50 ಸೆಂಟಿಗಿಂತ ಹೆಚ್ಚಿದ್ದರೆ ಅದರ ಹತ್ತನೇ ಒಂದು ಭಾಗವನ್ನು ಜಲಸಂರಕ್ಷಣೆಗೆ ಮೀಸಲಿಡಬೇಕೆಂಬ ನಿಯಮವಿದೆ. ಅದು ನನಗೆ ಕಾಯ್ದೆಯಲ್ಲಿ ಬಹಳ ಇಷ್ಟವಾದ ಭಾಗ, ಏಕೆಂದರೆ ಕಟ್ಟಡ ಬಂದರೂ ನೀರು ಇಂಗಲು ಜಾಗ ಉಳಿಯುತ್ತದೆ.

ವಿಟ್ಲದ ಕಡೆಯ ನಮ್ಮ ಸಂಬಂಧಿಕರಿಗೆ ಇದನ್ನು ವಿವರಿಸುವುದೇ ಕಷ್ಟವಾಗಿತ್ತು. ಅಲ್ಲಿ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ವಿಧಿಯಂತೆ ಭೂಪರಿವರ್ತನೆ ಮಾಡಿಸುತ್ತಾರೆ. ಗದ್ದೆಗಳಿಗೆಂದೇ ಇಂಥ ಪ್ರತ್ಯೇಕ ಪಟ್ಟಿ ಅಲ್ಲಿಲ್ಲ. ಅದೇ ಮಳೆ, ಅದೇ ಮುರಕಲ್ಲು, ಅದೇ ಅಡಿಕೆ. ಆದರೆ ಅಲ್ಲಿಯ ಬೈಲುಗಳು ಎಷ್ಟು ಬೇಗ ಮಾಯವಾಗುತ್ತಿವೆ ಎಂಬುದನ್ನು ನೋಡಿದಾಗ ಅಲ್ಲಿಯ ಸಲೀಸೇ ನಮಗೂ ಬೇಕೆಂದು ಕೇಳಲು ನನ್ನ ಮನಸ್ಸು ಒಪ್ಪಲಿಲ್ಲ.

ಆದೇಶ ಬಂದೊಡನೆ ಕೆಲಸ ಮುಗಿಯಿತೆಂದು ಕುಳಿತುಕೊಳ್ಳಬೇಡಿ. ಅದರ ಪ್ರತಿ ತಹಶೀಲ್ದಾರರಿಗೆ ಹೋಗಿ, ಅವರು ಭೂತೆರಿಗೆ ಕಾಯ್ದೆಯ 6ಎ ವಿಧಿಯಂತೆ ತೆರಿಗೆಯನ್ನು ಮರುನಿರ್ಧಾರ ಮಾಡಿ, ವಿಲೇಜ್ ಆಫೀಸಿನಲ್ಲಿ ಬಿಟಿಆರ್ ಮತ್ತು ತಂಡಪೇರ್ (ಭೂಮಾಲೀಕರ ತೆರಿಗೆ ಖಾತೆ) ತಿದ್ದುಪಡಿಯಾಗಬೇಕು. ಇದಾಗದೆ ಬ್ಯಾಂಕಿನವರೂ ಪಂಚಾಯತಿನವರೂ ಆದೇಶವೊಂದನ್ನೇ ನೋಡಿ ಒಪ್ಪುವುದಿಲ್ಲ. ಹೊಸ ತೆರಿಗೆ ಕಟ್ಟಿ ರಶೀದಿ ಪಡೆದಾಗ ಸರ್ವೆ ನಂಬರು, ವಿಸ್ತೀರ್ಣ, ಹೆಸರು ಮೂರನ್ನೂ ಅಲ್ಲಿಯೇ ನಿಂತು ಓದಿನೋಡಿ. ನಮ್ಮ ರಶೀದಿಯಲ್ಲಿ ವಿಸ್ತೀರ್ಣ ಒಂದು ಅಂಕಿ ತಪ್ಪಾಗಿ ಬಂದಿತ್ತು. ಅದೇ ದಿನ ತೋರಿಸಿದ್ದರಿಂದ ಬೇಗ ಸರಿಹೋಯಿತು. ಕೃಷಿಭವನದಲ್ಲಿರುವ ಡಾಟಾ ಬ್ಯಾಂಕಿನ ಪ್ರತಿಯಲ್ಲಿಯೂ ನಿಮ್ಮ ನಂಬರಿನ ಎದುರು ತಿದ್ದುಪಡಿ ದಾಖಲಾಗಿದೆಯೇ ಎಂದು ಹೋಗಿ ನೋಡಿ, ಆ ಪುಟದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಪಂಚಾಯತ್ ಪರವಾನಗಿಗೆ ಐದು ವರ್ಷದ ಅವಧಿ ಇರುವುದರಿಂದ ಅದು ಬಂದ ಮೇಲೆ ಸಾಲಕ್ಕೆ ಆತುರಪಡದೆ ಎರಡು ಮೂರು ಬ್ಯಾಂಕುಗಳ ಬಡ್ಡಿ ವಿಚಾರಿಸಲು ಸಮಯ ಸಿಗುತ್ತದೆ.

ಜಗಲಿಯಲ್ಲಿ ಪರಿಚಯವಾದ ಅಕ್ಕನ ಅರ್ಜಿಗೆ ಉಪಗ್ರಹ ವರದಿ ಬರುವುದು ಇನ್ನೂ ಬಾಕಿಯಿದೆ. ಅವರ ಹಳೆಯ ಕಾಗದಗಳೂ ಕನ್ನಡದಲ್ಲಿಯೇ ಇರುವುದರಿಂದ ಅನುವಾದದ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ, ನೋಟರಿಯ ಖರ್ಚಿಗೆ ಅವರ ವಾರ್ಡಿನ ಸದಸ್ಯರು ದಾರಿ ನೋಡುತ್ತೇನೆಂದಿದ್ದಾರೆ. ಇಂಥವರು ನಿಮ್ಮ ಊರಿನಲ್ಲಿದ್ದರೆ, ಎರಡೂ ಭಾಷೆ ಬಲ್ಲ ಯಾರಾದರೊಬ್ಬರು ಒಂದು ಮಧ್ಯಾಹ್ನ ಅವರೊಡನೆ ಕೃಷಿಭವನಕ್ಕೆ ಹೋಗಿ ಡಾಟಾ ಬ್ಯಾಂಕಿನ ಪುಟವನ್ನು ಓದಿಹೇಳಿ.